152 ದಿನ, ನಮ್ಮ 43 ಬಾಕ್ಸ್, ಯಾರದೋ ಒಂದು ಬಾಕ್ಸ್: ಶೇರ್ಡ್ ಕಂಟೇನರ್ ಸೇವೆಯ ಬಗ್ಗೆ ದೂರು

ಮೈಸೂರು
8 ಏಪ್ರಿಲ್ 2024

ಗೆ,
ಗ್ರಾಹಕ ವಿಭಾಗದ ಮುಖ್ಯಸ್ಥರು,
ಬೆಂಗಳೂರು ಶಾಖೆ

ವಿಷಯ: ಇಂಗ್ಲೆಂಡಿನ ರೆಡಿಂಗ್‌ನಿಂದ ಮೈಸೂರಿಗೆ ಬೇರೆಯವರ ಸಾಮಾನಿನ ಜೊತೆ ಶೇರ್ಡ್ ಕಂಟೇನರಿನಲ್ಲಿ ಕಳಿಸಿದ ಮನೆ ಸಾಮಾನು ತಡವಾಗಿದ್ದು, ಹೆಚ್ಚಿಗೆ ಹಣ ವಸೂಲಿ ಮಾಡಿದ್ದು, 17ನೇ ನಂಬರಿನ ಬಾಕ್ಸ್ ಕಾಣೆಯಾಗಿದ್ದು.

ಮಾನ್ಯರೇ,

ಈ ಪತ್ರ ಕನ್ನಡದಲ್ಲಿರುವುದಕ್ಕೆ ಕಾರಣ ನೀವೇ. ಹೋದ ವರ್ಷ ರೆಡಿಂಗ್‌ನಲ್ಲಿ ಯುಗಾದಿ ಊಟಕ್ಕೆ ಸಾಲಿನಲ್ಲಿ ನಿಂತಿದ್ದಾಗ ನಿಮ್ಮವರು ಎಲ್ಲರ ಕೈಗೂ ಒಂದೊಂದು ಕರಪತ್ರ ಕೊಟ್ಟರು. ಊರಿಗೆ ಮರಳುವ ಕನ್ನಡಿಗರಿಗೆ ಕನ್ನಡಿಗರಿಂದಲೇ ಸೇವೆ ಅಂತ ಅದರಲ್ಲಿ ಅಚ್ಚಾಗಿತ್ತು. ದುಡ್ಡು ಕಟ್ಟುವವರೆಗೆ ಮಾತೆಲ್ಲ ಕನ್ನಡದಲ್ಲೇ ನಡೆಯಿತು. ಕಟ್ಟಿದ ಮೇಲೆ ಬಂದ ಬಿಲ್ಲು, ನೆಪ, ಕ್ಷಮೆ ಎಲ್ಲ ಇಂಗ್ಲಿಷಿನಲ್ಲಿ ಬಂದವು. ನಾನೂ ಇಂಗ್ಲಿಷಿನಲ್ಲೇ ನಾಲ್ಕು ಇಮೇಲ್ ಬರೆದೆ. ನಾಲ್ಕಕ್ಕೂ ಕಂಪ್ಯೂಟರ್ ಕಳಿಸಿದ ಒಂದೇ ಉತ್ತರ ಬಂತು. ಅದಕ್ಕೇ ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾರಾದರೂ ಮನುಷ್ಯರು ಓದಬಹುದು ಅಂತ ಆಸೆ.

ನಾವು ಒಂಬತ್ತು ವರ್ಷ ಅಲ್ಲಿದ್ದೆವು. ಹೋದ ದಸರಾಕ್ಕೆ ಮೈಸೂರಿನಲ್ಲಿರಬೇಕು ಅಂತ ಹಟ ಹಿಡಿದು, 2023ರ ಅಕ್ಟೋಬರ್ 21ಕ್ಕೆ ಬಂದಿಳಿದೆವು. ಅದಕ್ಕೆ ಒಂಬತ್ತು ದಿನ ಮುಂಚೆ, 12ನೇ ತಾರೀಕು, ನಿಮ್ಮ ಲಾರಿ ಬಂದು 44 ಬಾಕ್ಸ್, ಬಿಚ್ಚಿದ ಊಟದ ಮೇಜು, ಎರಡು ಸೈಕಲ್, ಒಂದು ಪುಸ್ತಕದ ಕಪಾಟು ಮತ್ತು ಒಂದು ಆರಾಮ ಕುರ್ಚಿ ತೆಗೆದುಕೊಂಡು ಹೋಯಿತು. ಪ್ಯಾಕ್ ಮಾಡಿದ ಹುಡುಗರ ಬಗ್ಗೆ ನನ್ನದೇನೂ ತಕರಾರಿಲ್ಲ. ಮಳೆಯಲ್ಲಿ ನೆನೆದುಕೊಂಡೇ ಅಚ್ಚುಕಟ್ಟಾಗಿ ಕೆಲಸ ಮಾಡಿದರು. ಅವರಿಗೆ ಟೀ ಕೊಟ್ಟಿದ್ದೊಂದೇ ಈ ವ್ಯವಹಾರದಲ್ಲಿ ನನಗೆ ನೆಮ್ಮದಿ ಕೊಟ್ಟ ಖರ್ಚು.

ಇಡೀ ಕಂಟೇನರ್ ತೆಗೆದುಕೊಳ್ಳುವಷ್ಟು ಸಾಮಾನು ನಮ್ಮಲ್ಲಿರಲಿಲ್ಲ. 20 ಅಡಿ ಕಂಟೇನರಿನೊಳಗೆ ಸುಮಾರು 33 ಘನ ಮೀಟರ್ ಜಾಗ ಇರುತ್ತದೆ. ನಮ್ಮದು 7 ಘನ ಮೀಟರ್ ಆಗುತ್ತದೆ, ಐದನೇ ಒಂದು ಪಾಲು, ಅಷ್ಟಕ್ಕೆ ಮಾತ್ರ ಹಣ ಕಟ್ಟಿ ಅಂತ ನಿಮ್ಮ ಸೇಲ್ಸ್‌ನವರೇ ವಿಡಿಯೋ ಕಾಲ್‌ನಲ್ಲಿ ಮನೆಯೆಲ್ಲ ನೋಡಿ ಹೇಳಿದರು. ಘನ ಮೀಟರಿಗೆ 200 ಪೌಂಡ್, ಒಟ್ಟು 1,400. "ಎಂಟು ವಾರ ಮೇಡಂ, ಹೆಚ್ಚಂದ್ರೆ ಹತ್ತು. ನವೆಂಬರ್ ಮೊದಲನೇ ವಾರ ಹಡಗು ಹತ್ತುತ್ತೆ" ಅಂದಿದ್ದರು. ಆ ಮಾತು ವಾಟ್ಸ್ಆ್ಯಪ್‌ನಲ್ಲಿ ಇನ್ನೂ ಇದೆ.

ಹಡಗು ಹತ್ತಿದ್ದು ಡಿಸೆಂಬರ್ 17ಕ್ಕೆ.

ನಡುವಿನ 66 ದಿನ ನಮ್ಮ ಸಾಮಾನು ಲಂಡನ್ ಹತ್ತಿರದ ನಿಮ್ಮ ಗೋಡೌನಿನಲ್ಲಿ ಬಿದ್ದಿತ್ತು. ನವೆಂಬರಿನಲ್ಲಿ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ "ಪ್ರೋಸೆಸ್‌ನಲ್ಲಿದೆ" ಅಂದರು. ನಾಲ್ಕನೇ ಸಲ ಒಬ್ಬ ಹುಡುಗಿ, ಪಾಪ ಹೊಸಬಳಿರಬೇಕು, ಬಾಯಿತಪ್ಪಿ ನಿಜ ಹೇಳಿದಳು: ಕಂಟೇನರ್ ಇನ್ನೂ ತುಂಬಿಲ್ಲ, ಇಂಡಿಯಾಕ್ಕೆ ಹೋಗುವವರು ಇನ್ನಿಬ್ಬರು ಸಿಗಬೇಕು.

ನಮ್ಮ ಬಸ್ ಸ್ಟ್ಯಾಂಡುಗಳ ಹೊರಗೆ ನಿಲ್ಲುವ ಟೆಂಪೋ ನೀವೂ ನೋಡಿರುತ್ತೀರಿ. ಸೀಟು ತುಂಬದೆ ಹೊರಡುವುದಿಲ್ಲ. ಆದರೆ ಆ ಡ್ರೈವರ್ ಅದನ್ನು ಬಾಯಿಬಿಟ್ಟು ಹೇಳುತ್ತಾನೆ, "ಇನ್ನಿಬ್ರು ಬಂದ್ರೆ ಹೊರಡೋದೇ" ಅಂತ. ಅರ್ಜೆಂಟಿರುವವರು ಇಳಿದು ಬೇರೆ ಗಾಡಿ ಹತ್ತುತ್ತಾರೆ. ನೀವು ತಾರೀಕು ಹೇಳಿ ಹತ್ತಿಸಿಕೊಂಡಿರಿ, ಬಾಗಿಲು ಹಾಕಿದಿರಿ, ಆಮೇಲೆ ಸೀಟು ತುಂಬಲಿ ಅಂತ ಕಾದಿರಿ. ನನ್ನ ದೂರಿನ ಮೂಲ ಇದೇ. ಜಾಗ ಹಂಚಿಕೊಳ್ಳುತ್ತೀರಿ ಅಂತ ಹೇಳಿದಿರಿ. ಬೇರೆಯವರು ಬರುವವರೆಗೆ ಕಾಯಬೇಕು, ಬೇರೆಯವರ ಕಾಗದದ ತಪ್ಪಿಗೂ ನಾವೇ ಬಾಡಿಗೆ ಕಟ್ಟಬೇಕು ಅಂತ ಒಂದು ಮಾತೂ ಹೇಳಲಿಲ್ಲ.

ಕಾಯುವುದಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಒಂದು ಚಾಪೆ, ಒಂದು ಕುಕ್ಕರ್ ಕೊಂಡರೆ ಸಂಸಾರ ನಡೆಯುತ್ತದೆ. ಆದರೆ ನಾವು ಬಂದಾಗ ಜಾರಿಯಲ್ಲಿದ್ದ ನಮ್ಮ ದೇಶದ 2016ರ ಬ್ಯಾಗೇಜ್ ನಿಯಮ ನಿಮಗೆ ಗೊತ್ತಿಲ್ಲದ್ದೇನಲ್ಲ. ಹೊರದೇಶದಲ್ಲಿ ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದು ಮನೆ ಎತ್ತಿಕೊಂಡು ಬರುವವರಿಗೆ, ಟಿವಿಯಂಥ ಕೆಲವು ವಸ್ತು ಬಿಟ್ಟು, 5 ಲಕ್ಷ ರೂಪಾಯಿವರೆಗಿನ ಸಾಮಾನಿಗೆ ಸುಂಕವಿರಲಿಲ್ಲ. ಷರತ್ತುಗಳಿದ್ದವು. ಅದರಲ್ಲೊಂದು, ಹಿಂದಿನಿಂದ ಬರುವ ಸಾಮಾನು ನಾವು ಬಂದಿಳಿದ ಒಂದು ತಿಂಗಳೊಳಗೆ ಅಲ್ಲಿಂದ ಹೊರಟಿರಬೇಕಿತ್ತು. ತಡವಾದರೆ ಕಸ್ಟಮ್ಸ್‌ನ ಅಸಿಸ್ಟೆಂಟ್ ಅಥವಾ ಡೆಪ್ಯುಟಿ ಕಮಿಷನರ್ ಒಪ್ಪಿಗೆ ಬೇಕಿತ್ತು. ನಾವು ಇಳಿದಿದ್ದು ಅಕ್ಟೋಬರ್ 21. ಅಂದರೆ ನವೆಂಬರ್ 21ರೊಳಗೆ ಹಡಗು ಹೊರಡಬೇಕಿತ್ತು. ಸಾಮಾನು ಹಡಗಿಗೆ ಹಾಕಿದ್ದಕ್ಕೆ ಕೊಡುವ ರಸೀದಿ, ಅಂದರೆ ಬಿಲ್ ಆಫ್ ಲೇಡಿಂಗ್ ಮೇಲಿದ್ದ ತಾರೀಕು ಡಿಸೆಂಬರ್ 17! ಒಪ್ಪಿಗೆ ಸಿಗದಿದ್ದರೆ ನಾವು ಒಂಬತ್ತು ವರ್ಷ ಬಳಸಿದ ಹಳೇ ಮೇಜಿಗೂ ಪಾತ್ರೆಗೂ ಸರ್‌ಚಾರ್ಜ್ ಸೇರಿ ಶೇಕಡಾ 38.5 ಸುಂಕ ಕಟ್ಟಬೇಕಾಗುತ್ತಿತ್ತು. ಈ ಒಂದು ತಿಂಗಳ ವಿಷಯವನ್ನು ನಿಮ್ಮವರು ನನಗೆ ಮೊದಲ ಸಲ ಹೇಳಿದ್ದು ಫೆಬ್ರವರಿಯಲ್ಲಿ. ಯಾಕೆ ತಡವಾಯಿತು ಅಂತ ವಿವರಣೆ ಬರೆದುಕೊಡಿ ಅಂತ ಕೇಳಿದ್ದು ನನ್ನನ್ನು. ತಡ ಮಾಡಿದವರು ನೀವು, ತಪ್ಪೊಪ್ಪಿಗೆ ಬರೆದವಳು ನಾನು. ಅಧಿಕಾರಿ ಓದಿ, ಎರಡು ಪ್ರಶ್ನೆ ಕೇಳಿ, ಒಪ್ಪಿದರು. ಅವರು ಒಪ್ಪಿದ್ದರಿಂದ ಬಚಾವಾದೆವು, ನಿಮ್ಮಿಂದಲ್ಲ.

ಇನ್ನು ಕೆಂಪು ಸಮುದ್ರ. ಜನವರಿ ತಿಂಗಳಿಡೀ ನೀವು ಕಳಿಸಿದ ಇಮೇಲ್‌ಗಳಲ್ಲಿ ಇದೊಂದೇ ರಾಗ. ಯೆಮನ್‌ನ ಹೂತಿ ಬಂಡುಕೋರರ ದಾಳಿ, ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಬರಬೇಕು, ಹತ್ತು ಹದಿನಾಲ್ಕು ದಿನ ಜಾಸ್ತಿ, ನಮ್ಮ ಕೈಲೇನೂ ಇಲ್ಲ. ನಾನೂ ಪೇಪರ್ ಓದುತ್ತೇನೆ. ಹೂತಿಗಳು ಗ್ಯಾಲಕ್ಸಿ ಲೀಡರ್ ಹಡಗನ್ನು ಹಿಡಿದಿದ್ದು ನವೆಂಬರ್ 19ಕ್ಕೆ. ದೊಡ್ಡ ಹಡಗು ಕಂಪನಿಗಳು ಆ ದಾರಿ ನಿಲ್ಲಿಸಿದ್ದು ಡಿಸೆಂಬರ್ ಮಧ್ಯದಲ್ಲಿ. ನೀವು ಹೇಳಿದ ಹಾಗೆ ನವೆಂಬರ್ ಮೊದಲನೇ ವಾರ ಇಂಗ್ಲೆಂಡಿನ ಫೆಲಿಕ್ಸ್‌ಸ್ಟೋ ಬಂದರು ಬಿಟ್ಟಿದ್ದರೆ, ದಾರಿ ಮುಚ್ಚುವ ಹೊತ್ತಿಗೆ ನಮ್ಮ ಸಾಮಾನು ಬಹುಶಃ ಚೆನ್ನೈಯಲ್ಲಿ ಇರುತ್ತಿತ್ತು. ಯುದ್ಧ ನಿಮ್ಮ ತಪ್ಪಲ್ಲ, ಒಪ್ಪಿದೆ. ಯುದ್ಧದ ದಾರಿಗೆ ಸಿಕ್ಕಿಕೊಳ್ಳುವಷ್ಟು ದಿನ ಗೋಡೌನಿನಲ್ಲಿ ಇಟ್ಟುಕೊಂಡಿದ್ದು ನಿಮ್ಮ ತಪ್ಪು.

ಕಂಟೇನರ್ ಚೆನ್ನೈಗೆ ಬಂದಿದ್ದು ಫೆಬ್ರವರಿ 9ಕ್ಕೆ. ಬೆಂಗಳೂರಿನ ವೈಟ್‌ಫೀಲ್ಡ್ ಡಿಪೋದಲ್ಲೇ ಕಸ್ಟಮ್ಸ್ ಮುಗಿಯುತ್ತದೆ ಅಂದಿದ್ದಿರಿ. ಅದು ಯಾವಾಗ ಚೆನ್ನೈಗೆ ಬದಲಾಯಿತೋ ನಮಗೆ ತಿಳಿಸಿದವರಿಲ್ಲ. ಅಲ್ಲಿಯ ಫ್ರೈಟ್ ಸ್ಟೇಷನ್ನಿನಲ್ಲಿ, ಅಂದರೆ ಸಾಮಾನು ಇಳಿಸಿ ಬೇರೆ ಮಾಡುವ ಗೋಡೌನಿನಲ್ಲಿ, ಕಂಟೇನರ್ ಬಿಚ್ಚಿದ್ದು 22ನೇ ತಾರೀಕು. ಯಾಕೆ ಅಂತ ಕೇಳಿದರೆ, ಅದೇ ಕಂಟೇನರಿನಲ್ಲಿದ್ದ ಇನ್ನೊಬ್ಬರ ಕಾಗದದಲ್ಲಿ ನಿಮ್ಮ ಏಜೆಂಟರು ಹೆಸರು ತಪ್ಪಾಗಿ ಬರೆದಿದ್ದರಂತೆ, ತಿದ್ದುಪಡಿ ಆಗಬೇಕಿತ್ತಂತೆ. ಆ 13 ದಿನದ ಬಾಡಿಗೆಯನ್ನು ಎಲ್ಲರಿಗೂ ಹಂಚಿದಿರಿ. ಲಾಭ ಬಂದಿದ್ದರೆ ಹೀಗೆ ಹಂಚುತ್ತಿದ್ದಿರಾ?

ನನ್ನ ಪಾಸ್‌ಪೋರ್ಟಿನ ಮೇಲೆ ಸಾಮಾನು ಇದ್ದಿದ್ದರಿಂದ ನಾನೇ ಬರಬೇಕು ಅಂದರು. ತಮ್ಮನನ್ನು ಕರೆದುಕೊಂಡು ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಕೂತು ಫೆಬ್ರವರಿ 27ಕ್ಕೆ ಹೋದೆ. ಆವತ್ತು ನಿಮ್ಮ ಏಜೆಂಟರು ಪ್ಯಾಕಿಂಗ್ ಲಿಸ್ಟನ್ನೇ ತಂದಿರಲಿಲ್ಲ. ಮರೀನಾ ನೋಡಿಕೊಂಡು ವಾಪಸ್ ಬಂದೆವು. ಮಾರ್ಚ್ 5ಕ್ಕೆ ಮತ್ತೆ ಹೋದೆ. ಆಗ ಕೆಲಸ ಶುರುವಾಯಿತು.

ಆಗಲೇ ಇನ್ನೊಂದು ಬಿಲ್ಲು ಬಂತು. ನಿಮ್ಮ ಸಾಮಾನು 7 ಅಲ್ಲ, 8.6 ಘನ ಮೀಟರ್ ಆಗಿದೆ, ಇನ್ನೂ 320 ಪೌಂಡ್ ಕಟ್ಟಿ, ಕಟ್ಟುವವರೆಗೆ ಬಿಡುವುದಿಲ್ಲ ಅಂತ. ದಿನ ಕಳೆದಂತೆ ಬಾಡಿಗೆ ಏರುತ್ತಿತ್ತು, ಕಟ್ಟಿದೆ. ಮನೆಗೆ ಬಂದ ಮೇಲೆ ಟೇಪ್ ಹಿಡಿದು ಅಳೆದೆ. ನಿಮ್ಮ ಬಾಕ್ಸ್ ಎಲ್ಲ ಒಂದೇ ಅಳತೆ: 18, 18, 20 ಇಂಚು. ಒಂದಕ್ಕೆ 3.75 ಘನ ಅಡಿ. 44 ಬಾಕ್ಸಿಗೆ 165. ಮೇಜು, ಕಪಾಟು, ಕುರ್ಚಿ, ಸೈಕಲ್ ಎಲ್ಲ ಧಾರಾಳವಾಗಿ ಅಳೆದರೂ 80. ಒಟ್ಟು 245 ಘನ ಅಡಿ. ಘನ ಮೀಟರಿಗೆ 35.3 ಘನ ಅಡಿ, ಅಂದರೆ 6.9. ನಿಮ್ಮ 8.6ಕ್ಕೆ 304 ಘನ ಅಡಿ ಬೇಕು. ಆ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ 16 ಬಾಕ್ಸ್ ಹಿಡಿಯುತ್ತವೆ. ಆ 16 ಬಾಕ್ಸ್ ಎಲ್ಲಿವೆ ತೋರಿಸಿ, ನಾನೇ ಬಂದು ಹೊತ್ತುಕೊಂಡು ಹೋಗುತ್ತೇನೆ. ಸಂದುಗೊಂದಿನ ಖಾಲಿ ಜಾಗವನ್ನೂ ಸೇರಿಸಿ ಅಳೆಯುತ್ತೇವೆ ಅನ್ನುವುದಾದರೆ, ಮೊದಲು ಕೊಟ್ಟ ಅಂದಾಜನ್ನೂ ಹಾಗೇ ಅಳೆದು ಹೇಳಬೇಕಿತ್ತು, ಅಲ್ವಾ?

ಇಲ್ಲಿನ ಬಿಲ್ಲು 68,900 ರೂಪಾಯಿ. ಬಂದರಿನ ಖರ್ಚು, ಏಜೆಂಟರ ಖರ್ಚು ಬೇರೆ ಅಂತ ಕೊಟೇಶನ್‌ನ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಇತ್ತು. ಅದನ್ನು ಓದದೇ ಇದ್ದದ್ದು ನನ್ನ ತಪ್ಪು, ಅದನ್ನು ವಾಪಸ್ ಕೇಳುತ್ತಿಲ್ಲ. ಆದರೆ ಅದರಲ್ಲಿ 27,300 ಬರೀ ಗೋಡೌನ್ ಬಾಡಿಗೆ. ಅದನ್ನು ಯಾಕೆ ಕಟ್ಟಬೇಕು ಅಂತ ನನಗೆ ಈಗಲೂ ಅರ್ಥವಾಗಿಲ್ಲ.

ಮಾರ್ಚ್ 12ಕ್ಕೆ ಸಾಮಾನು ಮನೆಗೆ ಬಂತು. ಎತ್ತಿಕೊಂಡು ಹೋಗಿ 152 ದಿನ. ಲಾರಿಯವನು ಎಣಿಸಿದ, ನಾನೂ ಎಣಿಸಿದೆ, ಸರಿಯಾಗಿ 44 ಬಾಕ್ಸ್. ಸಹಿ ಹಾಕಿದೆ. ಆರು ಬಾಕ್ಸಿನ ಪುಸ್ತಕ ತೇವ ಹಿಡಿದು ಬೂಸ್ಟು ಬಂದಿತ್ತು. ಅದರ ಫೋಟೋ, ಇನ್ಶೂರೆನ್ಸ್ ಅರ್ಜಿ ಮೂರನೇ ದಿನವೇ ಕಳಿಸಿದ್ದೇನೆ. ಅದನ್ನು ಇಲ್ಲಿ ಎಳೆಯುವುದಿಲ್ಲ.

ಎರಡು ದಿನ ಬಿಟ್ಟು ಒಂದು ಬಾಕ್ಸ್ ಬಿಚ್ಚಿದರೆ ಒಳಗೆ ಯಾರದೋ ಮಗುವಿನ ಮಳೆ ಬೂಟು, ಜಿಗ್‌ಸಾ, ಒಂದು ಟೋಸ್ಟರ್, ಮೂರು ಫೋಟೋ ಆಲ್ಬಮ್. ಮೇಲೆ ಅಂಟಿಸಿದ ನಂಬರ್ 17, ಆದರೆ ಅದರ ಕೆಳಗಿನ ಕಸ್ಟಮರ್ ನಂಬರ್ ನಮ್ಮದಲ್ಲ. ನಮ್ಮ 17 ಇಲ್ಲ. ಅದರಲ್ಲಿ ಇದ್ದದ್ದು ಮಗಳ ಶಾಲೆಯ ರಿಪೋರ್ಟುಗಳು, ಪಟ್ಟದ ಗೊಂಬೆ ಮತ್ತು ಒಂದಿಷ್ಟು ಸ್ಟೀಲ್ ಡಬ್ಬಿ. ರಿಪೋರ್ಟುಗಳನ್ನು ಶಾಲೆಗೆ ಬರೆದು ಮತ್ತೆ ತರಿಸಬಹುದು. ಡಬ್ಬಿ ಹೋದರೆ ಹೋಗಲಿ. ಪಟ್ಟದ ಗೊಂಬೆ ಅಂದರೇನು ಅಂತ ಇಂಗ್ಲಿಷ್ ಇಮೇಲ್‌ನಲ್ಲಿ ವಿವರಿಸುವ ಕಷ್ಟ ಈ ಸಲ ತಪ್ಪಿತು. ಮದುವೆಯಲ್ಲಿ ತವರಿನಲ್ಲಿ ಕೊಟ್ಟ ಜೋಡಿ, ಒಂಬತ್ತು ವರ್ಷ ರೆಡಿಂಗ್‌ನಲ್ಲೂ ದಸರಾಕ್ಕೆ ಕೂರಿಸಿದ್ದೆ. ನಿಮ್ಮ ಪ್ಯಾಕಿಂಗ್ ಲಿಸ್ಟಿನಲ್ಲಿ ಅದು ‘ಮರದ ಅಲಂಕಾರ ವಸ್ತು, 2’.

ಇದರಲ್ಲಿ ಇನ್ನೊಂದು ವಿಷಯ ಇದೆ, ಇದನ್ನು ನೀವು ಹಗುರವಾಗಿ ನೋಡಬಾರದು. ಆ ಬಾಕ್ಸ್ ಕಸ್ಟಮ್ಸ್ ದಾಟಿದ್ದು ನನ್ನ ಪಾಸ್‌ಪೋರ್ಟ್ ಮೇಲೆ, ಇದೆಲ್ಲ ನನ್ನದೇ ಅಂತ ನಾನು ಹಾಕಿದ ಸಹಿಯ ಮೇಲೆ. ಅದರೊಳಗೆ ಮಳೆ ಬೂಟು ಇತ್ತು, ಸರಿ. ತರಬಾರದ್ದು ಏನಾದರೂ ಇದ್ದಿದ್ದರೆ ಉತ್ತರ ಹೇಳಬೇಕಾದವಳು ನಾನು. ಬರೀ ಬಾಕ್ಸಿನ ನಂಬರ್ ನೋಡಿ, ಕಸ್ಟಮರ್ ನಂಬರ್ ನೋಡದೆ ಬಾಕ್ಸ್ ಬೇರೆ ಮಾಡಿದ್ದು ನಿಮ್ಮವರು.

ನನಗೆ ಬೇಕಾಗಿರುವುದು ಇಷ್ಟು. 320 ಪೌಂಡ್ ಮತ್ತು 27,300 ರೂಪಾಯಿ ವಾಪಸ್ ಕೊಡಿ. ಮೊದಲನೇ ಸಲ ಸುಮ್ನೆ ಚೆನ್ನೈಗೆ ಹೋಗಿ ಬಂದಿದ್ದಕ್ಕೆ ನಮ್ಮಿಬ್ಬರ ರೈಲು ಮತ್ತು ಊಟದ ಖರ್ಚು 3,150 ರೂಪಾಯಿ, ಬಿಲ್ಲು ಲಗತ್ತಿಸಿದ್ದೇನೆ. ಆ ಕಂಟೇನರಿನಲ್ಲಿ ಬೇರೆ ಯಾರ್ಯಾರ ಸಾಮಾನಿತ್ತು ಅನ್ನುವ ಪಟ್ಟಿ ನಿಮ್ಮ ಹತ್ತಿರ ಇರಲೇಬೇಕು. ಅದರಲ್ಲಿ 17 ಅಥವಾ ಅದಕ್ಕಿಂತ ಹೆಚ್ಚು ಬಾಕ್ಸ್ ಇದ್ದವರು ಎಷ್ಟು ಜನ ಇರುತ್ತಾರೆ? ಒಂದು ಮಧ್ಯಾಹ್ನ ಕೂತು ಫೋನ್ ಮಾಡಿದರೆ ನಮ್ಮ ಬಾಕ್ಸ್ ಸಿಗುತ್ತದೆ. ಅವರ ಹೆಸರು, ನಂಬರ್ ನನಗೆ ಕೊಡುವುದು ಬೇಡ, ನೀವೇ ಮಾಡಿ.

ಏಪ್ರಿಲ್ 23ರವರೆಗೆ ಕಾಯುತ್ತೇನೆ. ಆಮೇಲೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯಲ್ಲಿ ಗ್ರಾಹಕರು ತಾವಿರುವ ಊರಿನಲ್ಲೇ ದೂರು ಕೊಡಬಹುದು. ಹಾಗಾಗಿ ಈ ಸಲ ರಾತ್ರಿ ರೈಲು ಹತ್ತಬೇಕಾದವರು ನೀವು.

ಆ ಇನ್ನೊಬ್ಬರ ಬಾಕ್ಸನ್ನು ಮತ್ತೆ ಟೇಪ್ ಹಾಕಿ ಅಟ್ಟದ ಕೆಳಗೆ ಇಟ್ಟಿದ್ದೇನೆ. ಆಲ್ಬಮ್‌ಗಳನ್ನು ಬಿಚ್ಚಿ ನೋಡಿಲ್ಲ. ನಾಳೆ ಯುಗಾದಿ, ಬರಬೇಡಿ. ನಾಡಿದ್ದಿನಿಂದ ಯಾವತ್ತು ಬೇಕಾದರೂ ಸಂಜೆ ನಾಲ್ಕರ ಮೇಲೆ ಬನ್ನಿ. ಫೋನ್ ಮಾಡಿಕೊಂಡು ಬನ್ನಿ, ಕೈಯಲ್ಲಿ ನಮ್ಮ 17 ಇರಲಿ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಕೊಟೇಶನ್, ವಾಟ್ಸ್ಆ್ಯಪ್ ಸಂದೇಶಗಳ ಪ್ರತಿ, ಬಿಲ್ ಆಫ್ ಲೇಡಿಂಗ್ ಪ್ರತಿ, ಎರಡೂ ಬಿಲ್ಲು, ರೈಲು ಟಿಕೆಟ್, 17ನೇ ಬಾಕ್ಸಿನ ಮೇಲಿನ ಚೀಟಿಯ ಫೋಟೋ.