‘ಜನ’ರ ಬಗ್ಗೆ ಬರೆಯುವಾಗ

ಪ್ರೀತಿಯ ತಮ್ಮನಿಗೆ,

ನಿನ್ನ ಲೇಖನ ಕೈಸೇರಿತು. ಆವೇಶ ಇದೆ, ಅದು ಇರಲಿ. ಆದರೆ ಒಂದು ವಾಕ್ಯದ ಬಳಿ ನಿಂತುಬಿಟ್ಟೆ: ‘ಜನ ಮನಸ್ಸು ಮಾಡಿದರೆ ಸಂವಿಧಾನದಲ್ಲಿ ಏನನ್ನು ಬೇಕಾದರೂ ಬದಲಿಸಬಹುದು.’ ಚಪ್ಪಾಳೆ ಗಿಟ್ಟಿಸುವ ಮಾತು. ಇಲ್ಲಿ ಜನ ಎಂದರೆ ಯಾರು ಎಂದು ಮಾತ್ರ ನೀನು ಕೇಳಿಕೊಂಡಿಲ್ಲ.

ಸಂವಿಧಾನವನ್ನು ತಿದ್ದುವ ಬಗೆಯನ್ನು ಹೇಳುವ 368ನೇ ವಿಧಿಯನ್ನು ತೆರೆದು ಓದು. ಸಂಸತ್ತಿನ ಪ್ರತಿ ಸದನದಲ್ಲೂ ಒಟ್ಟು ಸದಸ್ಯರ ಬಹುಮತ ಬೇಕು. ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆಯೂ ಬೇಕು. ಕೇಂದ್ರ ಮತ್ತು ರಾಜ್ಯಗಳ ಅಧಿಕಾರ ಹಂಚಿಕೆಯಂಥ ವಿಷಯವಾದರೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳು ಅನುಮೋದಿಸಬೇಕು. ಜನಮತಗಣನೆಯ ಮಾತು ಎಲ್ಲೂ ಇಲ್ಲ. ತಿದ್ದುವವರು ಪ್ರತಿನಿಧಿಗಳು, ನಾವಲ್ಲ. 1951ರ ಜೂನ್‌ನಲ್ಲಿ ಮೊದಲ ತಿದ್ದುಪಡಿ ಜಾರಿಗೆ ಬಂದಾಗಲಂತೂ ಮೊದಲ ಸಾರ್ವತ್ರಿಕ ಚುನಾವಣೆಯೇ ಇನ್ನೂ ನಡೆದಿರಲಿಲ್ಲ.

ಇನ್ನು 1976ಕ್ಕೆ ಬಾ. ಅಲ್ಲಿ ನಿಧಾನವಾಗಿ ಓದು. ತುರ್ತು ಪರಿಸ್ಥಿತಿ, ವಿರೋಧ ಪಕ್ಷಗಳ ಎಷ್ಟೋ ನಾಯಕರು ಜೈಲಿನಲ್ಲಿ. ಆಗ ಬಂದ 42ನೇ ತಿದ್ದುಪಡಿ ಲೋಕಸಭೆಯ ಅವಧಿಯನ್ನು ಐದು ವರ್ಷದಿಂದ ಆರಕ್ಕೆ ಏರಿಸಿತು. 368ನೇ ವಿಧಿಗೆ ಎರಡು ಖಂಡಗಳನ್ನು ಸೇರಿಸಿತು: ತಿದ್ದುಪಡಿಯನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ, ತಿದ್ದುವ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ. ನಿನ್ನ ವಾಕ್ಯವನ್ನೇ ಕಾನೂನಿನ ಭಾಷೆಯಲ್ಲಿ ಬರೆದರೆ ಹೀಗಿರುತ್ತದೆ. ಸದನ, ಬಹುಮತ, ರಾಷ್ಟ್ರಪತಿಯ ಅಂಕಿತ ಎಲ್ಲವೂ ಇತ್ತು. ಆದರೂ ಐದು ವರ್ಷಕ್ಕೆ ಲೆಕ್ಕ ಕೇಳಬೇಕಿದ್ದ ಮತದಾರನಿಗೆ ಇನ್ನೂ ಒಂದು ವರ್ಷ ಕಾಯಿ ಎಂದದ್ದು ಅವನೇ ಆರಿಸಿ ಕಳಿಸಿದ ಸದನ!

1977ರ ಮಾರ್ಚ್‌ನಲ್ಲಿ ಜನ ಆ ಸರ್ಕಾರವನ್ನು ಇಳಿಸಿದರು. 1978ರ 44ನೇ ತಿದ್ದುಪಡಿ ಅವಧಿಯನ್ನು ಮತ್ತೆ ಐದು ವರ್ಷಕ್ಕೆ ತಂದಿತು. ಆ ಎರಡು ಖಂಡಗಳನ್ನು ಸುಪ್ರೀಂ ಕೋರ್ಟ್ 1980ರಲ್ಲಿ ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ ರದ್ದುಮಾಡಿತು. ಆ ಮಿಲ್ಲು ನಮ್ಮ ಬೆಂಗಳೂರಿನದು. ತೀರ್ಪಿಗೆ ಆಧಾರವಾದ 1973ರ ಪ್ರಕರಣದ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ಕನ್ನಡದಲ್ಲಿ ಬರೆಯುವವರು ಇದನ್ನು ದೂರದ ದೆಹಲಿಯ ಕಥೆ ಎಂಬಂತೆ ಬರೆದಾಗ ನನಗೆ ಬೇಸರವಾಗುತ್ತದೆ.

ಸಂವಿಧಾನದ ಮೂಲ ಸಂರಚನೆಯನ್ನು, ಅಂದರೆ ಅದರ ತಿರುಳಾದ ತತ್ವಗಳನ್ನು, ಸಂಸತ್ತು ಕೆಡಿಸುವಂತಿಲ್ಲ ಎಂದು 1973ರಲ್ಲಿ ಹೇಳಿದವರು 13 ನ್ಯಾಯಮೂರ್ತಿಗಳಲ್ಲಿ ಏಳು ಮಂದಿ. ಉಳಿದ ಆರು ಮಂದಿ ಒಪ್ಪಲಿಲ್ಲ. ಜನ ಆರಿಸದ ನ್ಯಾಯಮೂರ್ತಿಗಳು ಜನ ಆರಿಸಿದ ಸದನವನ್ನು ತಡೆಯಬಹುದೇ ಎಂಬ ಪ್ರಶ್ನೆ ಹಗುರವಾದದ್ದಲ್ಲ. ಅದನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕಬೇಡ; ಎದುರು ವಾದವನ್ನು ಅದನ್ನು ನಂಬುವವರೇ ಮೆಚ್ಚುವಷ್ಟು ಗಟ್ಟಿಯಾಗಿ ಬರೆ, ಆಮೇಲೆ ಉತ್ತರಿಸು. ನನ್ನ ಉತ್ತರ ಇಷ್ಟು: ಇಂದಿನ ಬಹುಮತ ಬಹಳಷ್ಟನ್ನು ಬದಲಿಸಲಿ, ಆದರೆ ನಾಳಿನ ಜನ ತನ್ನನ್ನು ಬದಲಿಸುವ ದಾರಿಯನ್ನು ಮುಚ್ಚುವ ಹಕ್ಕು ಅದಕ್ಕಿಲ್ಲ. ನಿನ್ನ ಉತ್ತರ ಬೇರೆಯಾದರೂ ಚಿಂತೆಯಿಲ್ಲ.

368ನೇ ವಿಧಿ ಸಂವಿಧಾನದ ಕರಡಿನಲ್ಲಿ 304ನೆಯದಾಗಿತ್ತು. 1949ರ ಸೆಪ್ಟೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅದರ ಮೇಲೆ ನಡೆದ ಚರ್ಚೆಯನ್ನು ಓದಿ, ಆ ಒಂದು ವಾಕ್ಯವನ್ನು ಹೊಡೆದುಹಾಕಿ, ಲೇಖನವನ್ನು ಹೊಸದಾಗಿ ಬರೆದು ಕಳಿಸು.

ನಿನ್ನ ಹಿತೈಷಿ