ನೋವೇ ಕಾಣದ ಹೊಡೆದಾಟ ಮತ್ತು ಎಳೆಯ ಮಕ್ಕಳು

ಮಾನ್ಯ ಸಂಪಾದಕರೇ,

ಅನಿಮೇಷನ್ ಚಿತ್ರಗಳ ಹೊಡೆದಾಟ ಬರೀ ಕಲ್ಪನೆಯದು, ಅಲ್ಲಿ ರಕ್ತ ಹರಿಯುವುದಿಲ್ಲ, ಸಾಯುವವರು ಮನುಷ್ಯರೂ ಅಲ್ಲ, ಹಾಗಾಗಿ ಮಕ್ಕಳು ನೋಡಿದರೆ ತೊಂದರೆಯಿಲ್ಲ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ನಾನೂ ಹಾಗೆಯೇ ನಂಬಿದ್ದೆ. ಅಂಥದೊಂದು ಚಿತ್ರ ನೋಡಿದ ಸಂಜೆ ನನ್ನ ಐದು ವರ್ಷದ ಮಗ ಮರದ ಸ್ಕೇಲನ್ನು ಕತ್ತಿಯಂತೆ ಬೀಸಿ ತಂಗಿಯ ಹಣೆಗೆ ಹೊಡೆದ. ಅವಳು ಚೀರಿಕೊಂಡಾಗ ಅವನ ಮುಖದಲ್ಲಿದ್ದುದು ಸಿಟ್ಟಲ್ಲ, ತುಂಟತನವೂ ಅಲ್ಲ, ದಿಗಿಲು. ಚಿತ್ರದಲ್ಲಿ ಪೆಟ್ಟು ತಿಂದವರೆಲ್ಲ ನೀಲಿ ಕಿಡಿಗಳಾಗಿ ಚದುರಿಹೋಗಿದ್ದರು, ಒಬ್ಬರೂ ಅತ್ತಿರಲಿಲ್ಲ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬೆಕ್ಕಿನ ವೇಷದ ಪಾತ್ರವು ಗಾಳಿ ತುಂಬಿದ ಗೊಂಬೆಯನ್ನು ಬಡಿಯುವ ಕಾರ್ಟೂನ್ ಮಾದರಿಯ ಚಿತ್ರವನ್ನು ಪುಟ್ಟ ಮಕ್ಕಳಿಗೆ ತೋರಿಸಲಾಗಿತ್ತು. ಅದನ್ನು ನೋಡಿದವರು ನೋಡದವರಿಗಿಂತ ಹೆಚ್ಚು ಆಕ್ರಮಣಕಾರಿಯಾಗಿ ವರ್ತಿಸಿದರು. ಆ ಗೊಂಬೆ ಇರುವುದೇ ಗುದ್ದಿಸಿಕೊಳ್ಳಲು, ಅದರಿಂದ ಮಕ್ಕಳು ಕ್ರೂರಿಗಳಾಗುತ್ತಾರೆಂದು ಹೇಳಲಾಗದು ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಅಡಿಯಲ್ಲಿ ಭಾರವಿರುವ ಆ ಗೊಂಬೆ ಎಷ್ಟು ಹೊಡೆದರೂ ಮತ್ತೆ ಎದ್ದು ನಿಲ್ಲುತ್ತದೆ. ನಮ್ಮ ಚಿತ್ರಗಳ ಪಾತ್ರಗಳೂ ಹಾಗೆಯೇ ಅಲ್ಲವೇ?

ಮಕ್ಕಳ ಕಥೆಯಲ್ಲಿ ಭಯ, ಸಾವು ಬರಲೇಬಾರದೆಂದು ನಾನು ಹೇಳುತ್ತಿಲ್ಲ. ಮಕ್ಕಳ ಅನಿಮೇಷನ್ ಚಿತ್ರಗಳ ಮುಖ್ಯ ಪಾತ್ರಗಳು ಸಾಯುವ ಸಂಭವ ದೊಡ್ಡವರ ಚಿತ್ರಗಳಿಗಿಂತ ಹೆಚ್ಚೆಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು ತೋರಿಸಿತ್ತು. ಅದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ತೆರೆಯ ಮೇಲೆ ತಾಯಿಯನ್ನು ಕಳೆದುಕೊಂಡ ಮರಿಗಾಗಿ ಕಣ್ಣೀರಿಡುವ ಮಗು, ಜೀವಕ್ಕೆ ಬೆಲೆಯಿದೆ ಎಂಬುದನ್ನು ಅರಿಯುತ್ತಿರುತ್ತದೆ. ನನ್ನನ್ನು ಕಾಡುವುದು, ನೂರಾರು ಸೈನಿಕರನ್ನು ಸಂಗೀತದ ತಾಳಕ್ಕೆ ತರಿದುಹಾಕಿ, ನೋಡುವವರನ್ನು ನಗಿಸಿ, ಯಾರಿಗೂ ನೋವಾಗಲಿಲ್ಲವೆಂಬಂತೆ ಮುಂದಿನ ದೃಶ್ಯಕ್ಕೆ ಹೋಗುವ ರೀತಿ. ಹತ್ತು ವರ್ಷದ ಮಗು ಅದನ್ನು ಆಟವೆಂದು ಬೇರ್ಪಡಿಸಿ ನೋಡಬಲ್ಲದು. ನಾಲ್ಕೈದರ ಮಗುವಿಗೆ ಆ ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ.

ಆದ್ದರಿಂದ ವಯೋಮಿತಿ ನಿರ್ಧರಿಸುವವರು ರಕ್ತ ಕಾಣುತ್ತದೆಯೇ ಎಂಬುದರ ಜೊತೆಗೆ, ಪೆಟ್ಟಿಗೆ ನೋವಿದೆ ಎಂಬುದನ್ನು ಚಿತ್ರ ಒಮ್ಮೆಯಾದರೂ ತೋರಿಸುತ್ತದೆಯೇ ಎಂಬುದನ್ನೂ ಪರಿಗಣಿಸಿ, ಪೋಷಕರಿಗೆ ತಿಳಿಯುವಂತೆ ನಮೂದಿಸಬೇಕೆಂದು ಕೋರುತ್ತೇನೆ. ಪೋಷಕರು ಚಿತ್ರ ಹಾಕಿಕೊಟ್ಟು ಎದ್ದುಹೋಗದೆ ಪಕ್ಕದಲ್ಲೇ ಕೂರಲಿ. ನಾನು ಆ ಸಂಜೆ ಕೂತಿರಲಿಲ್ಲ.

ಇತಿ,
ಒಬ್ಬ ತಾಯಿ