ಹುರುಳಿಯನ್ನೂ ಪಕ್ಕದಲ್ಲೇ ಬಿತ್ತು

ಮಧುಗಿರಿ

ಚಿ. ಕಾವ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಪಿಎಚ್‌ಡಿಗೆ ನೀನು ಹುಚ್ಚೆಳ್ಳು ಆರಿಸಿಕೊಂಡಿದ್ದೀಯ ಅಂತ ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ, ಆ ಜಿಕೆವಿಕೆಗೆ ಹೋಗಿ ರಾಗಿ ಹೊಲದ ಅಂಚಿನ ಬೆಳೆಯನ್ನಾ ಓದೋದು ಅಂತ ಅವನಿಗೆ ಸ್ವಲ್ಪ ಬೇಜಾರು. ನನಗಂತೂ ಖುಷಿಯಾಯಿತು. ನೀನು ಕಳಿಸಿದ ಸಂಶೋಧನೆಯ ರೂಪರೇಷೆ, ಆ ಸಿನಾಪ್ಸಿಸ್ ಓದಿದೆ. ಕೃಷಿ ಇಲಾಖೆಯ ಕಾಗದಗಳಲ್ಲೇ ಕಣ್ಣು ಸವೆಸಿದವನು ನಾನು, ಇಂಗ್ಲಿಷ್ ಅಂತ ಬಿಡಲಿಲ್ಲ. ನೀನು ಕೇಳದಿದ್ದರೂ ನಾಲ್ಕು ಮಾತು ಹೇಳುತ್ತೇನೆ.

ಪಾವಗಡ, ಶಿರಾ, ಮಧುಗಿರಿಯ ಕೆಂಪು ಮಣ್ಣಿಗೆ ಕಡಲೆಕಾಯಿ ಬದಲು ಹುಚ್ಚೆಳ್ಳು ಅಂತ ಬರೆದಿದ್ದೀಯ. ನನ್ನ ತಕರಾರು ಇಲ್ಲೇ. ಮಳೆ ಹೊತ್ತಿಗೆ ಸರಿಯಾಗಿ ಬಂದ ವರ್ಷ ನಮ್ಮ ರೈತರು ಕಡಲೆಕಾಯಿ ಬಿಡುವುದಿಲ್ಲ. ಎಷ್ಟು ಸಲ ಕೈ ಸುಟ್ಟುಕೊಂಡರೂ ಬಿಡುವುದಿಲ್ಲ. ಹುಚ್ಚೆಳ್ಳಿನ ಮಾತು ಬರೋದು ಪುಷ್ಯ, ಆಶ್ಲೇಷ ಎರಡೂ ಮಳೆ ಕೈಕೊಟ್ಟು, ಕಡಲೆಕಾಯಿ ಬಿತ್ತೋ ಕಾಲ ದಾಟಿದ ಮೇಲೆ. ಆಗಸ್ಟ್ ನಡುವೆ ಮಘೆ ಮಳೆ ಬಿತ್ತು ಅಂತಿಟ್ಟುಕೋ. ಹೊಲ ಹದಕ್ಕೆ ಬಂದಿದೆ, ಮನೆಯಲ್ಲಿ ದುಡ್ಡಿಲ್ಲ. ಆಗ ರೈತನ ಕೈ ತಾನಾಗಿಯೇ ಹುರುಳಿ ಚೀಲಕ್ಕೆ ಹೋಗುತ್ತದೆ. ಹುಚ್ಚೆಳ್ಳು ಗೆಲ್ಲಬೇಕಾದ್ದು ಆ ಹುರುಳಿಯ ಎದುರು ಕಣಮ್ಮ. ನಿನ್ನ ಪ್ರಯೋಗದಲ್ಲಿ ಹುರುಳಿಯ ಹೆಸರೇ ಇಲ್ಲ.

ಹುರುಳಿಯನ್ನು ಹಗುರವಾಗಿ ನೋಡಬೇಡ. ಕಾಳು ಕೈಗೆ ಬರದಿದ್ದರೂ ಹೊಟ್ಟು ದನಕ್ಕಾಗುತ್ತದೆ. ಹುಚ್ಚೆಳ್ಳಿನ ಗಿಡವನ್ನು ದನ ಮೂಸಿಯೂ ನೋಡುವುದಿಲ್ಲ. ಹಿಂದಿನವರು ಅದನ್ನು ರಾಗಿ ಹೊಲದ ಸುತ್ತ ಹಾಕುತ್ತಿದ್ದದ್ದೂ ಅದಕ್ಕೇ, ಬೇಲಿಯೂ ಆಯಿತು, ಎಣ್ಣೆಯೂ ಆಯಿತು. ಆದರೆ ಎಕರೆ ಪೂರ್ತಿ ಹುಚ್ಚೆಳ್ಳು ಹಾಕು ಅಂದರೆ ರೈತ ಮೊದಲು ಕೇಳೋದು ಮೇವಿನ ಪ್ರಶ್ನೆ. ಮೇವಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸು. ಹಿಂಡಿ ದನಕ್ಕೆ ಒಳ್ಳೆಯದು ನಿಜ, ಅದು ಗಾಣದವನ ಹತ್ತಿರ ಉಳಿಯುತ್ತದೋ ರೈತನ ಮನೆಗೆ ವಾಪಸ್ ಬರುತ್ತದೋ ಅದನ್ನೂ ವಿಚಾರಿಸು.

ಹುಚ್ಚೆಳ್ಳಿನ ಕಡೆಗೂ ಬಲವಿದೆ. ಎಕರೆಗೆ ಎರಡು ಕಿಲೋ ಬೀಜ ಸಾಕು, ಮರಳು ಬೆರೆಸಿ ಬಿತ್ತಿದರಾಯಿತು. ಕಡಲೆಕಾಯಿಗೆ ಬೀಜದ ಖರ್ಚೇ ಅರ್ಧ ಜೀವ ತೆಗೆಯುತ್ತದೆ. 2025-26ಕ್ಕೆ ಹುಚ್ಚೆಳ್ಳಿನ ಬೆಂಬಲ ಬೆಲೆ ಕ್ವಿಂಟಾಲಿಗೆ 9,537 ರೂಪಾಯಿ, ಕಡಲೆಕಾಯಿಗೆ 7,263. ಹುರುಳಿಗೆ ಬೆಂಬಲ ಬೆಲೆಯೇ ಇಲ್ಲ. ಇದನ್ನು ನೋಡಿ ಹಿಗ್ಗಬೇಡ. ಬೆಲೆ ಘೋಷಿಸೋದು ಬೇರೆ, ಚೀಲ ಇಳಿಸಿಕೊಳ್ಳೋದು ಬೇರೆ. ಚಳ್ಳಕೆರೆಯನ್ನು ಎಣ್ಣೆ ನಗರ ಅನ್ನುತ್ತಿದ್ದರಲ್ಲ, ಅಲ್ಲಿಗೂ ಹೋಗಿ ಮಿಲ್ಲಿನವರ ಹತ್ತಿರ ಕೂತು ಮಾತಾಡು. ಎಷ್ಟು ಮಾಲು ಬಂದರೆ ಹುಚ್ಚೆಳ್ಳು ಅರೆಯುತ್ತೀರಿ ಅಂತ ಕೇಳು. ಮರದ ಗಾಣದವರನ್ನೂ ಕೇಳು. ಆ ಎಣ್ಣೆ ಜಾಸ್ತಿ ದಿನ ಇಟ್ಟರೆ ಕಮಟು ಬರುತ್ತದೆ, ಅದು ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು.

ಬಿತ್ತನೆ ದಿನಾಂಕ ಮೂರು ಇಟ್ಟಿದ್ದೀಯ, ಮೂರೂ ಜುಲೈ ಒಳಗೇ. ಒಂದನ್ನಾದರೂ ಮಘೆಗೋ ಹುಬ್ಬೆಗೋ ತಳ್ಳು. ಹಗಲು ಗಿಡ್ಡವಾದಂತೆ ಹೂ ಬಿಡುವ ಬೆಳೆ ಅದು. ತಡವಾಗಿ ಬಿತ್ತಿದರೆ ಗಿಡ ಮೊಣಕಾಲೆತ್ತರಕ್ಕೇ ಹೂವಿಗೆ ಬಂದುಬಿಡುತ್ತದೆ. ಇಳುವರಿ ಕಮ್ಮಿ, ಆದರೆ ಬೇಗ ಮುಗಿಯುತ್ತದೆ. ಎಷ್ಟು ಕಮ್ಮಿ, ಎಷ್ಟು ಬೇಗ ಅನ್ನೋದೇ ಪಾವಗಡದವರಿಗೆ ಬೇಕಾದ ಲೆಕ್ಕ.

ಇನ್ನು ಜೇನು. ಒಂದೇ ಗಿಡದ ಪರಾಗ ಅದೇ ಗಿಡಕ್ಕೆ ಕಾಳು ಕಟ್ಟಿಸುವುದಿಲ್ಲ ಅಂತ ನಿನಗೆ ನಾನು ಹೇಳಬೇಕಿಲ್ಲ. ಆದರೆ ಜಿಕೆವಿಕೆಯಲ್ಲಿ ಮರಗಿಡ ಇವೆ, ಜೇನುಪೆಟ್ಟಿಗೆ ಇವೆ. ಪಾವಗಡದ ಬೋಳು ಹೊಲದಲ್ಲಿ ತುಡುವೆ ಜೇನು ಎಲ್ಲಿಂದ ಬರಬೇಕು? ಅಲ್ಲಿನ ಪ್ಲಾಟಿನ ಇಳುವರಿ ಇಲ್ಲೂ ಬರುತ್ತದೆ ಅಂದುಕೊಂಡರೆ ಮೋಸ ಹೋಗುತ್ತೀಯ. ಹೂ ತುಂಬಿದ ವಾರ ಬೆಳಿಗ್ಗೆ ಹೊತ್ತು ಹೊಲದಲ್ಲಿ ನಿಂತು ಹುಳ ಎಣಿಸು.

ಕೊಯ್ಲಿನ ದಿನ ಕೂಲಿಯವರ ಜೊತೆ ನೀನೂ ಬಗ್ಗು. ಒಂದು ಗಿಡ ಹಿಡಿದು ನೋಡು. ತುದಿಯಲ್ಲಿ ಹಳದಿ ಹೂ ಇನ್ನೂ ನಗುತ್ತಿರುತ್ತದೆ. ಕೆಳಗಿನದು ಒಣಗಿ ಕಪ್ಪಾಗಿ, ಬೆರಳು ತಾಗಿದರೆ ಸಾಕು, ಕರಿ ಕಾಳು ಬುಳಬುಳ ಉದುರುತ್ತದೆ. ಬೇಗ ಕೊಯ್ದರೆ ಜೊಳ್ಳು, ತಡಮಾಡಿದರೆ ನೆಲದ ಪಾಲು. ನೆಲಕ್ಕೆ ಬಿದ್ದ ಕಾಳನ್ನೂ ಗುಡಿಸಿ ತೂಕ ಹಾಕು, ಸುಮ್ನೆ ಬಿಟ್ಟುಬಿಡಬೇಡ. ಬೀಜ ತರುವಾಗ ಕಸ್ಕ್ಯೂಟಾ ಕಾಳು ಸೇರಿದೆಯಾ ನೋಡು. ಎಲೆಯಿಲ್ಲದ ಆ ಹಳದಿ ಬಳ್ಳಿ ಒಂದು ಸಲ ಹೊಲ ಹೊಕ್ಕರೆ ಗಿಡವನ್ನು ಹೀರಿಹಾಕುತ್ತದೆ. ಹಕ್ಕಿ ಮೇವಿಗೆ ಅಂತ ಅಮೆರಿಕಕ್ಕೆ ಹೋಗುವ ಹುಚ್ಚೆಳ್ಳನ್ನು ಬಿಸಿ ಮಾಡಿಯೇ ಒಳಗೆ ಬಿಡೋದು, ಈ ಕಳೆಯ ಭಯಕ್ಕೇ.

ಬೀಜದ ಎಣ್ಣೆಯಿಂದ ಡೀಸೆಲ್ ಮಾಡೋಣ ಅಂತ ಜಟ್ರೋಫಾ ಗಿಡದ ಗಲಾಟೆ ಆದಾಗ ನೀನು ಚಿಕ್ಕವಳು. 2003ರಲ್ಲಿ ಯೋಜನಾ ಆಯೋಗದ ಸಮಿತಿಯೇ ಶಿಫಾರಸು ಮಾಡಿತ್ತು. ಒಣ ಭೂಮಿಯಲ್ಲಿ ಡೀಸೆಲ್ ಬೆಳೆಯಬಹುದು ಅಂತ ಎಲ್ಲ ಕಡೆ ಅದೇ ಮಾತು. ನೀರು ಗೊಬ್ಬರ ಇಲ್ಲದ ನೆಲದಲ್ಲಿ ಗಿಡ ಬದುಕಿತು, ಕಾಯಿ ಮಾತ್ರ ಅಂದುಕೊಂಡಷ್ಟು ಬಿಡಲಿಲ್ಲ. ಬರ ತಡೆಯೋದು ಒಂದು, ಬರದಲ್ಲಿ ಕಾಳು ಕೊಡೋದು ಇನ್ನೊಂದು ಅಲ್ವಾ? ಅದಕ್ಕೇ ಹೇಳೋದು, ಒಂದು ವರ್ಷ ಮಳೆ ಕೈಕೊಟ್ಟು ಪ್ಲಾಟು ಒಣಗಿದರೆ ಟ್ಯಾಂಕರ್ ನೀರು ಹಾಯಿಸಿ ಉಳಿಸಿಕೊಳ್ಳಬೇಡ. ಆ ವರ್ಷದ ಅಂಕಿ ಥೀಸಿಸ್‌ನಲ್ಲಿ ಇರಲಿ. ಗೈಡ್ ಗೊಣಗಬಹುದು. ಮೆಲ್ಲಗೆ ವಿವರಿಸು, ಎದುರು ಮಾತಾಡಬೇಡ.

ಪಾವಗಡದ ಕಡೆ ಹೋದಾಗ ತೆಲುಗಿನಲ್ಲೇ ಮಾತಾಡು, ನಿಮ್ಮಮ್ಮನಿಂದ ಕಲಿತದ್ದು ಈಗ ಉಪಯೋಗಕ್ಕೆ ಬರಲಿ. ಹೆಂಗಸರನ್ನು ಕೇಳು. ಬೀಜ ಎತ್ತಿಡೋರು ಅವರೇ.

ಕಮಿಟಿ ಮುಂದೆ ಸಿನಾಪ್ಸಿಸ್ ಹೋಗೋದು ಯಾವತ್ತು ತಿಳಿಸು. ಅಷ್ಟರೊಳಗೆ ಹುರುಳಿ ಸೇರಿಸಿ ತಿದ್ದು. ನಾನು ಇಲ್ಲಿ ಎರಡು ಮೂರು ಜನ ರೈತರ ಹತ್ತಿರ ಮಾತಾಡಿಟ್ಟಿರುತ್ತೇನೆ. ಬೋರ್‌ವೆಲ್ ಇಲ್ಲದ ಹೊಲವನ್ನೇ ನೋಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ